ಪರದೇಶದ ಪಾಕವೂ ಅದರ ವಿಧಾನವೂ

ವಿದ್ಯಾವಂತರ ಮನೆಗಳಲ್ಲಿ ಪರದೇಶದ ಸಾಂಪ್ರದಾಯಿಕ ಅಡುಗೆಗಳನ್ನು ಮಾಡಿ ಉಣ್ಣುವ ಆಸಕ್ತಿಯು ಬೆಳೆಯುತ್ತಿರುವುದು ಸಂತೋಷಕರವಾದ ಸಂಗತಿ. ಇದರಿಂದ ಆಚಾರವು ಕೆಟ್ಟಿತೆಂದು ಹಲುಬುವವರ ಮಾತಿಗೆ ಹೆಚ್ಚು ಬೆಲೆಯಿಲ್ಲ. ಅವರ ಸಾರಿಗೆ ಖಾರವನ್ನೀಯುವ ಮೆಣಸಿನಕಾಯಿಯೂ ಪಲ್ಯದ ಆಲೂಗೆಡ್ಡೆಯೂ ಅಮೆರಿಕಾ ಖಂಡದಿಂದ ಬಂದವುಗಳೇ. ಆದರೆ ಈ ಆಸಕ್ತಿಯ ಬೆನ್ನಿಗೇ ಮತ್ತೊಂದು ವಾದವು ಹುಟ್ಟಿಕೊಂಡಿದೆ. ಹೆಸರು ಅಲ್ಲಿಯದಾದರೆ ಸಾಕು, ವಿಧಾನವು ಹೇಗಿದ್ದರೇನು, ರುಚಿಯು ಅವರವರ ನಾಲಗೆಗೆ ಬಿಟ್ಟುದಲ್ಲವೆ ಎಂಬುದೇ ಆ ವಾದ. ಇದು ಔದಾರ್ಯದ ಮಾತಿನಂತೆ ತೋರುತ್ತದೆ. ವಿಚಾರಿಸಿ ನೋಡಿದರೆ ಕೇವಲ ಉದಾಸೀನವೆಂದು ತಿಳಿಯುವುದು.

ಮೆಕ್ಸಿಕೋ ದೇಶದ ಟೋರ್ಟಿಯಾ ಎಂಬ ತೆಳ್ಳನೆಯ ಮೆಕ್ಕೆಜೋಳದ ರೊಟ್ಟಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದನ್ನು ಮಾಡಹೊರಟವರು ಮೆಕ್ಕೆಜೋಳದ ಒಣಹಿಟ್ಟನ್ನು ನೀರಿನಲ್ಲಿ ಕಲಸುತ್ತಾರೆ. ಹಿಟ್ಟು ಕೂಡಿಕೊಳ್ಳದೆ ರೊಟ್ಟಿಯ ಅಂಚು ಬಿರಿಯುತ್ತದೆ. ಆಗ ಮೈದಾ ಬೆರೆಸಿ, ಅಲ್ಲಿಯವರ ಅಡುಗೆಯೇ ಇಷ್ಟೆಂದು ತೀರ್ಪು ಕೊಡುತ್ತಾರೆ. ಉತ್ತರ ಮೆಕ್ಸಿಕೋದಲ್ಲಿ ಗೋಧಿಹಿಟ್ಟಿನ ಟೋರ್ಟಿಯಾ ಉಂಟು, ನಿಜ. ಆದರೆ ಅದು ಬೇರೆಯೇ ಪಾಕ. ಇಲ್ಲಿ ದೋಷವಿರುವುದು ಬಿಟ್ಟುಹೋದ ವಿಧಾನದಲ್ಲಿ.

ಅಲ್ಲಿಯ ಸಂಪ್ರದಾಯದಲ್ಲಿ ಕಾಳನ್ನು ಹಾಗೆಯೇ ಬೀಸುವುದಿಲ್ಲ. 1 ಕಿಲೋ ಕಾಳಿಗೆ ಸುಮಾರು 10 ಗ್ರಾಂ ಸುಣ್ಣವನ್ನು ಕದಡಿದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ಅದರಲ್ಲಿಯೇ ನೆನೆಯಬಿಟ್ಟು, ಬೆಳಗ್ಗೆ ಚೆನ್ನಾಗಿ ತೊಳೆದು, ಸಡಿಲವಾದ ಸಿಪ್ಪೆಯನ್ನು ಉಜ್ಜಿ ತೆಗೆದು, ಹಸಿಯಾಗಿಯೇ ಅರೆಯುತ್ತಾರೆ. ಸುಣ್ಣವೆಂದರೆ ತಾಂಬೂಲಕ್ಕೆ ಹಚ್ಚುವಂತಹ ತಿನ್ನುವ ಸುಣ್ಣ, ಗೋಡೆಗೆ ಬಳಿಯುವುದಲ್ಲ. ಹೀಗೆ ಅರೆದ ಹಿಟ್ಟು ಮೈದಾದ ಹಂಗಿಲ್ಲದೆ ಕೂಡಿಕೊಂಡು ರೊಟ್ಟಿಯಾಗುತ್ತದೆ.

ಈ ಸುಣ್ಣದ ಕ್ರಮವನ್ನು ಉಪೇಕ್ಷಿಸಿದವರಿಗೆ ಚರಿತ್ರೆಯು ಕಲಿಸಿದ ಪಾಠವು ಕಠೋರವಾದುದು. 1492ರ ತರುವಾಯ ಯೂರೋಪಿನವರು ಮೆಕ್ಕೆಜೋಳವನ್ನು ತಮ್ಮ ನಾಡಿಗೆ ಕೊಂಡೊಯ್ದರು. ವಿಧಾನವನ್ನು ಅಲ್ಲಿಯೇ ಬಿಟ್ಟರು. ಆ ಕಾಳೊಂದನ್ನೇ ನೆಚ್ಚಿ ಬದುಕಿದ ಬಡವರಲ್ಲಿ ಚರ್ಮವು ಒಡೆದು, ಭೇದಿ ಹಿಡಿದು, ಬುದ್ಧಿಯು ಭ್ರಮಿಸುವ ಪೆಲಾಗ್ರ ಎಂಬ ರೋಗವು ಕಾಣಿಸಿಕೊಂಡಿತು. 1735ರಲ್ಲಿ ಸ್ಪೇನಿನ ಆಸ್ಟುರಿಯಾಸ್ ಪ್ರಾಂತದಲ್ಲಿ ಗಾಸ್ಪಾರ್ ಕಸಾಲ್ ಎಂಬ ವೈದ್ಯನು ಇದನ್ನು ಗುರುತಿಸಿದನು. ಮುಂದೆ ಇದು ಇಟಲಿಯನ್ನೂ ಅಮೆರಿಕದ ದಕ್ಷಿಣ ಸಂಸ್ಥಾನಗಳನ್ನೂ ಪೀಡಿಸಿತು. ಇದು ಅಂಟುರೋಗವಲ್ಲ, ಆಹಾರದ ಕೊರತೆಯ ಫಲವೆಂದು 1914ರಿಂದ ಮುಂದೆ ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟನು. ಕೊರತೆಯಾದ ಸತ್ತ್ವವು ನಿಕೋಟಿನಿಕ್ ಆಮ್ಲವೆಂಬುದು 1937ರಲ್ಲಿ ಕಾನ್ರಾಡ್ ಎಲ್ವೆಹ್ಯಾಮನ ಸಂಶೋಧನೆಯಿಂದ ಬೆಳಕಿಗೆ ಬಂದಿತು. ಮೆಕ್ಕೆಜೋಳದಲ್ಲಿ ಬಂಧಿತವಾಗಿರುವ ಆ ಸತ್ತ್ವವನ್ನು ಬಿಡಿಸಿ ದೇಹಕ್ಕೆ ದಕ್ಕಿಸುವುದು ಸುಣ್ಣವೇ. ಸತ್ತ್ವದ ಹೆಸರನ್ನರಿಯದ ಅಡುಗೆಯ ಹೆಂಗಸರು ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದನ್ನು ಪಂಡಿತರು ಇಷ್ಟು ತಡವಾಗಿ ಕಂಡುಕೊಂಡರು.

ತಿಂಗಳಿಗೊಮ್ಮೆ ಮೈದಾ ಬೆರೆಸಿದ ರೊಟ್ಟಿ ತಿಂದವರಿಗೆ ಪೆಲಾಗ್ರ ಬಂದೀತೆಂದು ಯಾರೂ ಹೇಳುವುದಿಲ್ಲ. ಹೇಳಬೇಕಾದುದಿಷ್ಟೆ: ಕಾರಣವು ತಿಳಿಯದ ಕ್ರಮವೆಲ್ಲ ನಿಷ್ಕಾರಣವೆಂದು ಭಾವಿಸುವುದು ಅವಿವೇಕ. ಅಕ್ಕಿಹಿಟ್ಟಿಗೆ ಸೋಡಾ ಬೆರೆಸಿ, ಹುದುಗೇಳಿಸದೆ ಹೊಯ್ದು, ಇದೇ ದೋಸೆಯೆಂದು ಪರದೇಶೀಯನೊಬ್ಬನು ಬಡಿಸಿದರೆ ಕನ್ನಡದ ಯಾವ ಗೃಹಿಣಿಯು ಒಪ್ಪುವಳು? ತನ್ನ ಮನೆಯ ದೋಸೆಗೆ ಬೇಡುವ ಮರ್ಯಾದೆಯನ್ನು ಪರರ ರೊಟ್ಟಿಗೆ ಸಲ್ಲಿಸದಿರುವುದು ನ್ಯಾಯವಲ್ಲ.

ಮಾರ್ಪಾಟು ಬೇಡವೆಂದಲ್ಲ. ಖಾರವನ್ನು ಏರಿಸಲಿ, ಇಳಿಸಲಿ. ರೊಟ್ಟಿಗೆ ಬದನೆಕಾಯಿಯ ಎಣ್ಣೆಗಾಯಿಯನ್ನೇ ನಂಚಿಕೊಳ್ಳಲಿ. ಅರಿತು ಮಾಡಿದ ಮಾರ್ಪಾಟು ಅಡುಗೆಯನ್ನು ಬೆಳೆಯಿಸುತ್ತದೆ. ಅರಿಯದೆ ಬಿಟ್ಟುದು ಅದನ್ನು ಕೆಡಿಸುತ್ತದೆ. ಪರದೇಶದ ಪಾಕವನ್ನು ಮನೆಗೆ ಕರೆತರುವವರು ಮೊದಲು ಒಂದು ಸಲವಾದರೂ ಅದನ್ನು ಅಲ್ಲಿಯವರಂತೆಯೇ ಮಾಡಿ ನೋಡಲಿ. ಅತಿಥಿಯ ಮಾತನ್ನು ಪೂರ್ತಿಯಾಗಿ ಕೇಳಿದ ಮೇಲಲ್ಲವೆ ಮನೆಯವರು ತಮ್ಮ ಮಾತನ್ನು ಸೇರಿಸುವುದು?