ಗಾಡಿ ನಿಲ್ಲಿಸಲು ಒಂದು ಗುಂಡುತೋಪು

ಅಮೆರಿಕದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ಕಳೆದ ತಿಂಗಳು ಒಂದು ಮಿಂಚಂಚೆಯನ್ನೂ ಅದರೊಡನೆ ಏಳೆಂಟು ಛಾಯಾಚಿತ್ರಗಳನ್ನೂ ಕಳುಹಿಸಿದ್ದಾನೆ. "ಮಾವ, ಕಾರಿನ ನೆತ್ತಿಯ ಮೇಲಿದ್ದ ಡೇರೆಯನ್ನು ಇಳಿಸಿ ಈಗ ಸಣ್ಣದೊಂದು ಟ್ರೇಲರಿಗೆ ಬಡ್ತಿ ಪಡೆದಿದ್ದೇವೆ" ಎಂಬುದು ಅದರ ಒಕ್ಕಣೆ. ಚಿತ್ರದಲ್ಲಿರುವುದು ಎರಡು ಗಾಲಿಯ ಒಂದು ಪೆಟ್ಟಿಗೆ. ಅದನ್ನು ಕಾರಿನ ಹಿಂದೆ ಕೊಂಡಿಯಿಂದ ಸಿಕ್ಕಿಸಿದ್ದಾರೆ. ಪೆಟ್ಟಿಗೆಯ ಒಳಗೆ ಒಲೆ, ನೀರಿನ ತೊಟ್ಟಿ, ಪಾತ್ರೆ ಪಡಗ. ಮೇಲೆ ಪುಸ್ತಕದಂತೆ ಬಿಚ್ಚಿಕೊಳ್ಳುವ ಡೇರೆ, ಅದಕ್ಕೆ ಹತ್ತಲು ಒಂದು ಏಣಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಅದರಲ್ಲಿ ಮಲಗುತ್ತಾರಂತೆ.

ಕಾರಿನ ಮೇಲೆಯೇ ಡೇರೆ ಇದ್ದಾಗ ಏನು ಕೊರತೆಯಾಗಿತ್ತು ಎಂದು ಕೇಳಿದೆ. ಅವನ ಉತ್ತರ ಸಮಂಜಸವಾಗಿತ್ತು. ಅಂಥ ಡೇರೆ ಐವತ್ತರಿಂದ ಎಪ್ಪತ್ತು ಕಿಲೋ ತೂಗುತ್ತದೆ. ಅಷ್ಟು ಭಾರ ನೆತ್ತಿಯ ಮೇಲಿದ್ದರೆ ತಿರುವಿನಲ್ಲಿ ಕಾರು ಓಲಾಡುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಬೆಳಗ್ಗೆ ಹತ್ತು ಮೈಲಿಯಾಚೆಯ ಅಂಗಡಿಯಿಂದ ಹಾಲು ತರಬೇಕಾದರೂ ಇಡೀ ಮನೆಯನ್ನು ಮಡಚಿ ಕಟ್ಟಿಕೊಂಡೇ ಹೊರಡಬೇಕು. ಟ್ರೇಲರಾದರೆ ಕೊಂಡಿ ಬಿಚ್ಚಿ ಅಲ್ಲಿಯೇ ಬಿಟ್ಟು, ಬರಿಯ ಕಾರಿನಲ್ಲಿ ಹೋಗಿ ಬರಬಹುದು.

ಇದನ್ನು ಓದಿದಾಗ ನನ್ನ ಓರಗೆಯವರಿಗೆಲ್ಲ ಕಮಾನು ಗಾಡಿ ನೆನಪಾಗದೆ ಇರದು. ಕೊಲ್ಲಾರಿ ಬಂಡಿ ಎಂದು ಕರೆಯುವವರೂ ಉಂಟು. ಬಿದಿರನ್ನು ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿದರೆ ಮನೆ ಸಿದ್ಧ. ಭರಮಸಾಗರದ ಕಡೆಯಿಂದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಹೋಗುವುದೆಂದರೆ ಎತ್ತಿನ ಕಾಲ್ನಡಿಗೆಯಲ್ಲಿ ಎರಡು ದಿನದ ದಾರಿ. ಅಕ್ಕಿ, ಬೇಳೆ, ಎತ್ತಿನ ಮೇವು, ಕೀಲೆಣ್ಣೆ, ತೇರಿನ ದಿನ ಸುಡುವ ಹರಕೆಯ ಕೊಬ್ಬರಿ ಎಲ್ಲವೂ ಗಾಡಿಯಲ್ಲೇ. ಬೀಡು ಬಿಟ್ಟಲ್ಲಿ ಮೂಕಿಗೆ ಊರೆಗೋಲು ಕೊಟ್ಟು ಗಾಡಿಯನ್ನು ನಿಲ್ಲಿಸಿ, ಎತ್ತುಗಳನ್ನು ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಮನೆ ನಿಂತಲ್ಲಿಯೇ ನಿಂತಿರುತ್ತಿತ್ತು. ನನ್ನ ಸೋದರಳಿಯನ ಟ್ರೇಲರಿನ ಮೂತಿಗೂ ಇಂಥದೇ ಒಂದು ಊರೆಗೋಲಿದೆ, ಕಬ್ಬಿಣದ್ದು.

ವಿಮಾನವೂ ನಮ್ಮಲ್ಲಿತ್ತು, ಕ್ಷಿಪಣಿಯೂ ನಮ್ಮಲ್ಲಿತ್ತು ಎನ್ನುವವರ ಸಾಲಿಗೆ ನಾನು ಸೇರಿದವನಲ್ಲ. ಗಾಡಿಯ ಮೇಲೆ ಮನೆ ಕಟ್ಟಿಕೊಳ್ಳುವ ಯುಕ್ತಿ ಎಲ್ಲ ನಾಡುಗಳ ಜನಕ್ಕೂ ತಾನಾಗಿಯೇ ಹೊಳೆದಿದೆ. ಇಂಗ್ಲೆಂಡಿನಲ್ಲಿ ನೌಕಾಪಡೆಯ ವೈದ್ಯರಾಗಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬ ಲೇಖಕರು 1885ರಲ್ಲಿ ಬ್ರಿಸ್ಟಲ್ಲಿನಲ್ಲಿ ಎರಡು ಕುದುರೆಗಳ ಮನೆಗಾಡಿಯೊಂದನ್ನು ಮಾಡಿಸಿಕೊಂಡು ಊರೂರು ತಿರುಗಿದರು. ಆ ಹವ್ಯಾಸಕ್ಕೆಂದೇ 1907ರಲ್ಲಿ ಅಲ್ಲಿ ಒಂದು ಸಂಘವೂ ಹುಟ್ಟಿತು. ಹೊಟ್ಟೆಪಾಡಿಗೆ ತಿರುಗುವವರ ಗಾಡಿ ಹೀಗೆ ಉಳ್ಳವರ ವಿಹಾರದ ಗಾಡಿಯಾಯಿತು. ನಮ್ಮಲ್ಲಿ ಅದು ಈಗ ಆಗುತ್ತಿದೆ.

ಗಾಡಿ ಹೇರುವ ವಿದ್ಯೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನ್ನೊಳಗಿನ ಮೇಷ್ಟರು ಬಿಡುತ್ತಿಲ್ಲ. ಎತ್ತಿನ ಗಾಡಿಯಲ್ಲಿ ಮುಂಭಾರ ಹೆಚ್ಚಾದರೆ ನೊಗವು ಎತ್ತಿನ ಹೆಗಲನ್ನು ಅದುಮಿ ಹುಣ್ಣು ಮಾಡುತ್ತದೆ. ಹಿಂಭಾರ ಹೆಚ್ಚಾದರೆ ಮೂಕಿ ಮೇಲೆದ್ದು, ಕೊರಳಿಗೆ ಕಟ್ಟಿದ ಪಟ್ಟಿ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಆದ್ದರಿಂದ ಅನುಭವಿಯಾದ ರೈತನು ತೂಕವನ್ನೆಲ್ಲ ಅಚ್ಚಿನ ಮೇಲೆ ಕೂರಿಸಿ, ಕೊಂಚವೇ ಕೊಂಚ ಮುಂಭಾರವನ್ನು ಉಳಿಸುತ್ತಿದ್ದನು. ಕಾರಿನ ಟ್ರೇಲರಿಗೂ ಇದೇ ಸೂತ್ರ. ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕೆಂದು ಅಮೆರಿಕದ ತಯಾರಕರು ಹೇಳುತ್ತಾರಂತೆ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರು ಹಾವಿನ ಬಾಲದಂತೆ ತೊನೆಯತೊಡಗಿ ಕಾರನ್ನೂ ಎಳೆದಾಡಿಬಿಡುತ್ತದೆ. ನಮ್ಮ ರೈತನಿಗೆ ಸನ್ನೆಗೋಲಿನ ಪಾಠವನ್ನು ಎತ್ತು ಕಲಿಸಿತ್ತು. ಟ್ರೇಲರು ಕೊಳ್ಳುವ ಆಲೋಚನೆಯಿರುವ ನನ್ನ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡಲಿ. ಮೋಟಾರು ವಾಹನ ಕಾಯ್ದೆ, 1988ರ ವ್ಯಾಖ್ಯೆಯಲ್ಲಿ ಟ್ರೇಲರು ಕೂಡ ಮೋಟಾರು ವಾಹನವೇ ಆಗಿರುವುದರಿಂದ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕೆಂಬುದನ್ನೂ ಮರೆಯದಿರಲಿ.

ಇಷ್ಟು ವಾಹನದ ಮಾತಾಯಿತು. ನಾನು ಬರೆಯಹೊರಟಿದ್ದು ವಾಹನದ ಬಗೆಗಲ್ಲ. ಛಾಯಾಚಿತ್ರಗಳನ್ನು ನೋಡಿದ ಮೇಲೆ ಸೋದರಳಿಯನನ್ನು ಇನ್ನೊಂದು ಪ್ರಶ್ನೆ ಕೇಳಿದ್ದೆ: "ಅಲ್ಲಯ್ಯಾ, ಇದನ್ನು ನಿಲ್ಲಿಸಿರುವ ಜಾಗ ಯಾರದು?" ಅದು ಸರ್ಕಾರದ ಬಯಲಂತೆ. ಅಲ್ಲಿಯ ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ವಶದಲ್ಲಿ ಸುಮಾರು 24.5 ಕೋಟಿ ಎಕರೆ ನೆಲವಿದೆ. ಅಂದರೆ ನಮ್ಮ ಇಡೀ ಕರ್ನಾಟಕದ ಐದರಷ್ಟು. ಅದರ ಬಹುಪಾಲಿನಲ್ಲಿ ಯಾರು ಬೇಕಾದರೂ ಬಂದು, ಒಂದು ಕಾಸೂ ಕೊಡದೆ, ಸಾಮಾನ್ಯವಾಗಿ ಹದಿನಾಲ್ಕು ದಿನಗಳವರೆಗೆ ಬೀಡು ಬಿಡಬಹುದು. ಆ ಟ್ರೇಲರಿಗೆ ಬೆಲೆ ಬಂದಿರುವುದು ಆ ಬಯಲಿನಿಂದ. ಅದೇ ಗಾಡಿಯನ್ನು ತಂದು ನಮ್ಮ ಹೆದ್ದಾರಿಯಲ್ಲಿ ಬಿಟ್ಟರೆ ಒಂದು ರಾತ್ರಿ ಎಲ್ಲಿ ನಿಲ್ಲಿಸುವುದು? ಡಾಬಾದ ಮುಂದೆ, ಇಲ್ಲವೇ ಪೆಟ್ರೋಲ್ ಬಂಕಿನ ಮೂಲೆಯಲ್ಲಿ, ಅದೂ ಅವರು ಬೇಡವೆನ್ನದಿದ್ದರೆ.

ಅಂಥ ಬಯಲು ನಮಗೂ ಇತ್ತು, ಅದಕ್ಕೊಂದು ಸೊಗಸಾದ ಹೆಸರೂ ಇತ್ತು: ಗುಂಡುತೋಪು. ಇಂದಿನ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿದೆ. ಊರ ಹೊರಗೆ, ದಾರಿಗೆ ಹತ್ತಿರವಾಗಿ, ಊರಿಗೆಲ್ಲ ಸೇರಿದ ಒಂದೆರಡು ಎಕರೆ ನೆಲ. ಅದರಲ್ಲಿ ಹುಣಸೆ, ಬೇವು, ಹೊಂಗೆ, ಇಪ್ಪೆ, ಮಾವಿನ ಮರಗಳು. ಪಕ್ಕದಲ್ಲಿ ಕೆರೆಯೋ ಬಾವಿಯೋ ಇರಲೇಬೇಕು. ಹಣ್ಣಿನ ಹರಾಜಿನಿಂದ ನಾಲ್ಕು ಕಾಸು ಬರುತ್ತಿತ್ತು. ನೆರಳು ಮಾತ್ರ ಹರಾಜಿಗೆ ಇರುತ್ತಿರಲಿಲ್ಲ. ಸಂತೆಗೆ ಹೋಗುವ ಗಾಡಿ, ಜಾತ್ರೆಗೆ ಹೋಗುವ ಗಾಡಿ, ದಿಬ್ಬಣದ ಗಾಡಿ ಯಾವುದಾದರೂ ಅಲ್ಲಿ ನಿಲ್ಲಬಹುದಿತ್ತು. ಯಾವ ಜಾತಿ, ಯಾವ ಊರು ಎಂದು ಕೇಳಿದ ಮೇಲೆ ನೀರು ಕೊಡುವ ಊರುಗಳಿದ್ದವು ಎಂಬುದು ನಿಜ, ಆದರೆ ಮರದ ನೆರಳಿಗೆ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದನ್ನು ನೀವೆಲ್ಲ ಓದಿದ್ದೀರಿ. ಅದು ಗುರುಹಿರಿಯರ ವಿಧೇಯತೆಯ ಮಾತನ್ನು ಹೇಳುವ ಶಾಸನ. ಅದೇ ಅರಸನು ತನ್ನ ಏಳನೆಯ ಸ್ತಂಭಶಾಸನದಲ್ಲಿ ದಾರಿಗಳ ಬದಿಯಲ್ಲಿ ಆಲದ ಮರಗಳನ್ನೂ ಮಾವಿನ ತೋಪುಗಳನ್ನೂ ಬೆಳೆಸಿ, ಬಾವಿ ತೋಡಿಸಿ, ತಂಗುದಾಣಗಳನ್ನು ಕಟ್ಟಿಸಿದುದಾಗಿ ಹೇಳಿಕೊಂಡಿದ್ದಾನೆ. ಎರಡು ಸಾವಿರ ವರ್ಷಗಳ ಹಿಂದೆಯೇ ರಸ್ತೆಯೆಂದರೆ ಅದರ ಪಕ್ಕದ ನೆರಳೂ ಸೇರಿದ್ದೆಂಬ ತಿಳಿವಳಿಕೆ ರಾಜನಿಗಿತ್ತು.

ಈಗ ನಮ್ಮೂರ ಮೇಲೆ ಹಾದುಹೋಗುವ ಬೆಂಗಳೂರು–ಪುಣೆ ಹೆದ್ದಾರಿಯನ್ನು ನೋಡಿ. ಹಿಂದೆ 4ನೆಯ ನಂಬರಿನದಾಗಿದ್ದು ಈಗ 48ನೆಯ ನಂಬರು ಪಡೆದಿದೆ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅಗಲವಾದಾಗ ಬದಿಯ ಹಳೆಯ ಮರಗಳು ಉರುಳಿದವು. ರಸ್ತೆ ಬೇಡವೆಂದು ನಾನು ಹೇಳಲಾರೆ. ಅದೇ ರಸ್ತೆಯಲ್ಲಿ ಎಷ್ಟೋ ರೋಗಿಗಳು ಸಕಾಲದಲ್ಲಿ ದಾವಣಗೆರೆಯ ಆಸ್ಪತ್ರೆ ಸೇರಿ ಬದುಕಿದ್ದಾರೆ. ಆದರೆ ಉರುಳಿದ ಮರಕ್ಕೆ ಪ್ರತಿಯಾಗಿ ನಡುವಿನ ಪಟ್ಟಿಯಲ್ಲಿ ಹೂವಿನ ಗಿಡ ಬಂತೇ ಹೊರತು ನಿಲ್ಲಲು ನೆರಳು ಬರಲಿಲ್ಲ. 2025ರ ನವೆಂಬರಿನಲ್ಲಿ ನಮ್ಮನ್ನಗಲಿದ ಸಾಲುಮರದ ತಿಮ್ಮಕ್ಕನವರು ಹುಲಿಕಲ್–ಕುದೂರು ನಡುವೆ ಮಕ್ಕಳಂತೆ ಸಾಕಿದ ಆಲದ ಮರಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದ ಕುತ್ತು ಬಂದಿತ್ತು. ಆ ವೃದ್ಧೆ ಮುಖ್ಯಮಂತ್ರಿಗಳ ತನಕ ಹೋಗಿ ಬೇಡಿಕೊಳ್ಳಬೇಕಾಯಿತು.

ಗುಂಡುತೋಪುಗಳ ಗತಿ ರಸ್ತೆಬದಿಯ ಮರಗಳಿಗಿಂತಲೂ ಮೌನವಾಗಿ ಆಯಿತು. ಮೊದಲು ಒಂದು ತಿಪ್ಪೆ, ಆಮೇಲೆ ಒಂದು ಬಣವೆ, ಆಮೇಲೆ ಬೇಲಿ, ಕೊನೆಗೆ ತೆಂಗಿನ ಸಸಿ. ಕೆಲವು ಊರುಗಳಲ್ಲಿ ತೋಪಿನ ಜಾಗದಲ್ಲಿ ಶಾಲೆ ಬಂದಿದೆ, ಆಸ್ಪತ್ರೆ ಬಂದಿದೆ, ಸೂರಿಲ್ಲದವರಿಗೆ ನಿವೇಶನ ಸಿಕ್ಕಿದೆ. ಅದಕ್ಕೆ ನನ್ನ ತಕರಾರಿಲ್ಲ. 2011ರ ಜನವರಿಯಲ್ಲಿ ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಊರೊಟ್ಟಿನ ಜಮೀನುಗಳ ಒತ್ತುವರಿ ತೆರವುಗೊಳಿಸಲು ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿದಾಗ, ಭೂಹೀನರಿಗೆ ಕೊಟ್ಟ ನೆಲಕ್ಕೂ ಶಾಲೆ, ಚಿಕಿತ್ಸಾಲಯದಂಥವು ಆಗಲೇ ಇರುವ ನೆಲಕ್ಕೂ ರಿಯಾಯಿತಿಯ ಅವಕಾಶ ಇಟ್ಟಿತು. ನ್ಯಾಯವಾದ ಮಾತು. ಉಳ್ಳವನ ಬೇಲಿಯೊಳಗೆ ಸೇರಿದ್ದರ ಬಗ್ಗೆ ಮಾತ್ರ ನಾನು ಹೇಳುತ್ತಿರುವುದು.

"ಈ ಕಾಲದಲ್ಲಿ ಗುಂಡುತೋಪು ಯಾರಿಗೆ ಬೇಕು ಸಾರ್? ಗಾಡಿಯೇ ಇಲ್ಲವಲ್ಲ" ಎಂದು ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನೇ ಕೇಳಿದ. ಗಾಡಿ ಇಲ್ಲದಿರಬಹುದು, ಬೀಡು ಬಿಡುವವರು ಇದ್ದಾರೆ. ನಮ್ಮ ವಂಶಾವಳಿಯನ್ನು ಹೇಳಲು ಬರುವ ಹೆಳವರನ್ನು ನೆನೆಸಿಕೊಳ್ಳಿ. ಸುಗ್ಗಿಯ ನಂತರ ಹೆಂಡತಿ ಮಕ್ಕಳೊಡನೆ ಗಾಡಿಯಲ್ಲೇ ಸಂಸಾರ ಹೂಡಿಕೊಂಡು ಊರಿಂದೂರಿಗೆ ಹೋಗುತ್ತಿದ್ದರು. ನಿಮ್ಮ ಮುತ್ತಜ್ಜನ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತಿರುತ್ತಿತ್ತು. ಇಂದು ಅಂಥವರು ಬಂದರೆ ಒಂದು ರಾತ್ರಿ ಇಳಿದುಕೊಳ್ಳಲು ಜಾಗವನ್ನು ಬೇಡಬೇಕು. ಹಿಂಡು ಹೊಡೆದುಕೊಂಡು ಬರುವ ಕುರಿಗಾಹಿಗಳಿದ್ದಾರೆ. ಹೊಲದಲ್ಲಿ ಕುರಿ ಮಂದೆ ಹಾಕಿಸಿಕೊಳ್ಳಲು ನಮಗೆ ಅವರು ಬೇಕು, ಹಗಲು ನಿಲ್ಲಲು ಅವರಿಗೆ ನೆರಳಿಲ್ಲ. ಜಾತ್ರೆಗೆ ಹೋಗುವವರ ವಿಷಯ ಇನ್ನೂ ಕಳವಳದ್ದು. ಕಮಾನು ಗಾಡಿಯಿಂದ ಅವರು ಬಡ್ತಿ ಪಡೆದದ್ದು ಟ್ರ್ಯಾಕ್ಟರಿನ ಟ್ರೇಲರಿಗೆ, ಮೇಲೊಂದು ಟಾರ್ಪಾಲು. ಸರಕಿನ ಟ್ರೇಲರಿನಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ, ಮತ್ತು ಆ ಕಾನೂನು ಸರಿಯಾದುದು. ಅಪಘಾತದ ಸುದ್ದಿಗಳನ್ನು ಓದಿ ಎಷ್ಟು ಸಲ ಮರುಗುವುದು! ಹೆಂಗಸರು ಮಕ್ಕಳು ಬಸ್ಸಿನಲ್ಲಿ ಬರಲಿ, ಸಾಮಾನು ಟ್ರೇಲರಿನಲ್ಲಿ ಬರಲಿ. ಆದರೆ ಬಂದವರು ಅಡುಗೆ ಮಾಡಿಕೊಂಡು ಮಲಗಲು ಒಂದು ತಾಣ, ನೀರಿನ ನಲ್ಲಿ, ಹೆಂಗಸರಿಗೆ ಶೌಚಾಲಯ, ಇವು ಇಲ್ಲದಿದ್ದರೆ ರಸ್ತೆಯ ಅಂಚಿನಲ್ಲಿಯೇ ಒಲೆ ಹೂಡುತ್ತಾರೆ.

ಕೇರಳದವರು 2021ರಲ್ಲಿ ಕ್ಯಾರವಾನ್ ನೀತಿ ತಂದಾಗ ವಾಹನದ ಜೊತೆಗೆ ಅದನ್ನು ನಿಲ್ಲಿಸುವ ಪಾರ್ಕಿನ ಬಗೆಗೂ ಯೋಚಿಸಿದರು. ಒಂದು ಪಾರ್ಕಿಗೆ ಕನಿಷ್ಠ 50 ಸೆಂಟ್ಸ್, ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಗುಂಟೆ, ಐದು ವಾಹನಕ್ಕಾದರೂ ಸ್ಥಳ. ವಾಹನಕ್ಕಿಂತ ಜಾಗ ಮುಖ್ಯವೆಂದು ಅವರು ಕಂಡುಕೊಂಡಿದ್ದಾರೆ. ಆದರೆ ಅವು ಹಣ ತೆತ್ತು ತಂಗುವ ಖಾಸಗಿ ತಾಣಗಳು. ನಮ್ಮಲ್ಲಿಯೂ ಕ್ಯಾರವಾನ್ ಬಾಡಿಗೆಗೆ ದೊರೆಯುತ್ತದೆ. ರಾತ್ರಿಯಾದರೆ ಅದು ಯಾವುದಾದರೊಂದು ರೆಸಾರ್ಟಿನ ಗೇಟು ಹುಡುಕಬೇಕು. ಸರ್ಕಾರ ಪ್ರವಾಸಿಗಳ ಹೆಸರಿನಲ್ಲಿ ಹಣ ಖರ್ಚು ಮಾಡುವುದಾದರೆ, ಹೆದ್ದಾರಿಗೆ ಸಮೀಪದ ಗುಂಡುತೋಪುಗಳನ್ನು ಮೊದಲು ಬಿಡಿಸಿ, ಅಳೆದು, ಮರ ನೆಟ್ಟು, ನೀರು ಶೌಚಾಲಯ ಒದಗಿಸಲಿ ಎಂಬುದು ನನ್ನ ವಾದ. ಬೆಂಗಳೂರಿನವನ ಡೇರೆ ಟ್ರೇಲರೂ ಅಲ್ಲಿಯೇ, ಹೆಳವರ ಸಂಸಾರವೂ ಅಲ್ಲಿಯೇ, ಜಾತ್ರೆಯ ಟ್ರ್ಯಾಕ್ಟರೂ ಅಲ್ಲಿಯೇ. ಹಣವುಳ್ಳವರಿಗೆ ಬೇರೆ ಕಟ್ಟೆ ಕಟ್ಟಿದರೆ ಬಡವರ ಕಟ್ಟೆಯಲ್ಲಿ ನಲ್ಲಿ ಕೆಟ್ಟು ಹೋದದ್ದನ್ನು ಯಾರೂ ಕೇಳುವುದಿಲ್ಲ, ಇದು ನಾನು ಸರ್ಕಾರಿ ಶಾಲೆಗಳಲ್ಲಿ ಕಣ್ಣಾರೆ ಕಂಡದ್ದು.

ನಮ್ಮೂರಿಗೆ ಈ ಮಾತು ಈಗಲೇ ಸಲ್ಲುತ್ತದೆ. ಬಿಚ್ಚುಗತ್ತಿ ಭರಮಣ್ಣನಾಯಕನ ಹೆಸರು ಹೊತ್ತ ಕೆರೆಗೆ 2021ರಲ್ಲಿ ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರು ಬಂದ ಮೇಲೆ ನೋಡಲು ಬರುವವರು ಹೆಚ್ಚಿದ್ದಾರೆ. ಬಂದವರು ಏರಿಯ ಮೇಲೆ ನಿಂತು ಚಿತ್ರ ತೆಗೆದು ಹೋಗುತ್ತಾರೆ. ಕುಳಿತು ಬುತ್ತಿ ಬಿಚ್ಚುವಂಥ ಮರದ ಗುಂಪೊಂದು ಹತ್ತಿರದಲ್ಲಿದ್ದರೆ ಎಷ್ಟು ಚೆನ್ನ!

ಇದನ್ನು ಓದುವವರಲ್ಲಿ ಅನೇಕರು ತಹಶೀಲ್ದಾರರ ಕಚೇರಿಯಿಂದ ಹಿಡಿದು ಸಾಫ್ಟ್‌ವೇರ್ ಕಂಪನಿಗಳ ತನಕ ಹರಡಿಕೊಂಡಿದ್ದೀರಿ. ಕಂದಾಯ ಇಲಾಖೆಯವರು 2018ರಲ್ಲಿ ಹೊರತಂದ 'ದಿಶಾಂಕ್' ಎಂಬ ಆ್ಯಪ್ ಇದೆ. ನಿಂತ ಜಾಗದ ಸರ್ವೆ ನಂಬರನ್ನೂ ಅದು ಸರ್ಕಾರಿ ನೆಲವೇ ಎಂಬುದನ್ನೂ ತೋರಿಸುತ್ತದೆ. ಹಬ್ಬಕ್ಕೆ ಊರಿಗೆ ಬಂದಾಗ ನಿಮ್ಮ ನಿಮ್ಮ ಹಳ್ಳಿಯ ಹಿರಿಯರನ್ನು ಗುಂಡುತೋಪು ಎಲ್ಲಿತ್ತೆಂದು ಕೇಳಿ, ಅಲ್ಲಿಗೆ ಹೋಗಿ ನಿಂತು ನೋಡಿ. ಪಹಣಿಯಲ್ಲಿ ಇನ್ನೂ ಗುಂಡುತೋಪೆಂದೇ ಇದ್ದರೆ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ಬರೆಯಲು ಬಾರದಿದ್ದರೆ ನನ್ನಲ್ಲಿಗೆ ಬನ್ನಿ, ಅರ್ಜಿ ಬರೆಸುವುದು ನನ್ನ ಹಳೆಯ ಕಸುಬು. ಗುಂಡಿಗಳನ್ನು ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಟ್ಟಿರಬೇಕು, ಮುಂಗಾರಿನ ಎರಡನೆಯ ಹದ ಮಳೆಗೆ ಸಸಿ ಇಡಬೇಕು. ನಮ್ಮ ಎರೆ ಮತ್ತು ಮರಡಿ ನೆಲಗಳಿಗೆ ಬೇವು, ಹೊಂಗೆ, ಹುಣಸೆ ಹೊಂದುತ್ತವೆ. ಹೊಂಗೆಯನ್ನು ಆಡು ಅಷ್ಟಾಗಿ ಮುಟ್ಟುವುದಿಲ್ಲವಾದ್ದರಿಂದ ಅಂಚಿನ ಸಾಲಿಗೆ ಅದನ್ನೇ ಹಾಕಿಸಿ.