ಆಕಾಶಮಾರ್ಗದ ಶುಶ್ರೂಷೆಗೊಂದು ಪರೀಕ್ಷೆ
ವಿಮಾನದಲ್ಲೋ ಹೆಲಿಕಾಪ್ಟರಿನಲ್ಲೋ ಸಾಗಿಸುವ ರೋಗಿಯನ್ನು ನೋಡಿಕೊಳ್ಳುವ ನರ್ಸುಗಳಿಗಾಗಿ ಅಮೆರಿಕದಲ್ಲಿ 1993ರಿಂದ ನಡೆಯುತ್ತಿರುವ ಸಿಎಫ್‌ಆರ್‌ಎನ್ ಎಂಬ ಪ್ರಮಾಣೀಕರಣ ಪರೀಕ್ಷೆಯಲ್ಲಿ ಮೂರು ಗಂಟೆಗಳಲ್ಲಿ 175 ಪ್ರಶ್ನೆಗಳಿಗೆ ಉತ್ತರಿಸಬೇಕಾಗಿದ್ದು, ಅವುಗಳಲ್ಲಿ 150ಕ್ಕೆ ಮಾತ್ರ ಅಂಕವಿದ್ದರೂ ಆ 150 ಯಾವುವೆಂಬುದು ಬರೆಯುವವರಿಗೆ ತಿಳಿಯದು. ರಾಮನಗರ ಸೀಮೆಯ ಕೂಟಗಲ್ಲಿನಂಥ ಊರಿನಿಂದ ಬಿ.ಎಸ್ಸಿ. ನರ್ಸಿಂಗ್ ಓದಿ ಈ ದಾರಿ ಹಿಡಿಯುವವರು ಮೊದಲು ಅಮೆರಿಕದಲ್ಲಿ ನೋಂದಾಯಿಸಿಕೊಳ್ಳಲು ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ದಾಟಬೇಕು; ತುರ್ತು ಚಿಕಿತ್ಸೆಯಲ್ಲೋ ಐಸಿಯುವಿನಲ್ಲೋ ಕೆಲವು ವರ್ಷ ಪಳಗಿದ್ದರೆ ಒಳ್ಳೆಯದು. ಪುಸ್ತಕ ಉರುಹೊಡೆದು ಗೆಲ್ಲುವ ಪರೀಕ್ಷೆ ಇದಲ್ಲ. ಎತ್ತರಕ್ಕೇರಿದಂತೆ ದೇಹದಲ್ಲಾಗುವ ಬದಲಾವಣೆಗಳನ್ನು ವಿವರಿಸುವ ವೈಮಾನಿಕ ಶರೀರಕ್ರಿಯಾಶಾಸ್ತ್ರವು ಇದರ ವಿಶಿಷ್ಟ ಭಾಗವಾಗಿದ್ದು, ಪಿಯುಸಿಯಲ್ಲಿ ಅಂಕಕ್ಕಾಗಿ ಓದಿ ಮರೆತ ಬಾಯ್ಲನ ನಿಯಮ ಇಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ಒತ್ತಡ ಇಳಿದಂತೆ ಅನಿಲ ಹಿಗ್ಗುವುದರಿಂದ ಸಮುದ್ರಮಟ್ಟದ ಗಾಳಿಯ ಗಾತ್ರ ಸುಮಾರು 18,000 ಅಡಿ ಎತ್ತರದಲ್ಲಿ ಇಮ್ಮಡಿಯಾಗುತ್ತದೆ. ಕ್ಯಾಬಿನ್ನಿನ ಒತ್ತಡವನ್ನು 8,000 ಅಡಿಗೆ ಸಮನಾಗಿ ಕಾಯ್ದುಕೊಂಡ ವಿಮಾನದಲ್ಲೂ ಅದು ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಶ್ವಾಸನಾಳಕ್ಕೆ ಇಳಿಸಿದ ಕೊಳವೆಯ ಸುತ್ತ ಗಾಳಿ ತುಂಬಿ ಕೂರಿಸುವ ಕಫ್ ಎಂಬ ಪುಟ್ಟ ಬಲೂನು ಹೀಗೆ ಉಬ್ಬಿ ನಾಳದ ಒಳಪದರದ ರಕ್ತಸಂಚಾರಕ್ಕೇ ಅಡ್ಡಿಯಾಗಬಹುದಾದ್ದರಿಂದ, ವಿಮಾನ ಏರುವಾಗ ಒತ್ತಡಮಾಪಕವಿಟ್ಟು ಗಾಳಿಯನ್ನು ತಗ್ಗಿಸುವುದೂ ಇಳಿಯುವಾಗ ಮತ್ತೆ ಸರಿಪಡಿಸುವುದೂ ನರ್ಸಿನ ಹೊಣೆ. ಇಂಜಿನ್ನಿನ ಸದ್ದಿನಲ್ಲಿ ಸ್ಟೆತಾಸ್ಕೋಪನ್ನು ನೆಚ್ಚುವಂತಿಲ್ಲ. ಎದೆಯ ಏರಿಳಿತವನ್ನೂ ಮಾನಿಟರಿನ ಅಲೆಗಳನ್ನೂ ಕಣ್ಣಿನಿಂದಲೇ ಓದಬೇಕು. ಇದೇ ವೈಮಾನಿಕ ಶರೀರಕ್ರಿಯಾಶಾಸ್ತ್ರವನ್ನು ಭಾರತೀಯ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ 1957ರಿಂದ ಬೆಂಗಳೂರಿನಲ್ಲಿ ಬೋಧಿಸುತ್ತ ಬಂದಿದೆ ಎಂಬುದು ರಾಮನಗರದ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಯ ಕಿವಿಗೆ ಬಿದ್ದಿದೆಯೋ.