ಕೊರಳಿಗೆ ಕುಪ್ಪಿ ಕಟ್ಟಿದವರನ್ನು ಕೇಳುವವರಿಲ್ಲವೆ?

ದೊರೆಯ ಸೇನಾಪತಿಯನ್ನು ಬಯ್ಯುವುದು ಸುಲಭ. ನಮ್ಮವನೆಂದು ಒಪ್ಪಿಕೊಂಡ ಸೇನಾಪತಿಯನ್ನು ಬಯ್ಯಬೇಕಾದಾಗ ನಾಲಗೆ ಏಳುವುದಿಲ್ಲ. ಶ್ರೀಲಂಕಾದ ತಮಿಳು ಹುಲಿಗಳ (ಎಲ್‌ಟಿಟಿಇ) ನಾಯಕ ವೇಲುಪಿಳ್ಳೈ ಪ್ರಭಾಕರನ್ ಸತ್ತು ಇಷ್ಟು ವರ್ಷವಾಯಿತು. ನಮ್ಮ ಪ್ರಗತಿಪರ ಗೆಳೆಯರಲ್ಲಿ ಕೆಲವರು ಇಂದಿಗೂ ಆ ಹೆಸರು ಬಂದಾಗ ದನಿ ತಗ್ಗಿಸಿ, 'ಏನೇ ಆಗಲಿ, ಹೋರಾಟಗಾರ' ಅನ್ನುತ್ತಾರೆ. ಏನೇ ಆಗಲಿ ಅಂದರೆ ಏನೇನು ಸ್ವಾಮಿ? ಆ ಲೆಕ್ಕ ಮೊದಲು ಒಪ್ಪಿಸಿ, ಆಮೇಲೆ ಹೋರಾಟಗಾರ ಅನ್ನಿ.

ಸಿಂಹಳ ಪ್ರಭುತ್ವದ ವಕೀಲರು ನನ್ನ ಬೆನ್ನು ತಟ್ಟಲು ಬರುವುದು ಬೇಡ. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂದು ಕಾನೂನು ಮಾಡಿದವರು ಯಾರು? 1981ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟವರು ಯಾರು? ತೊಂಬತ್ತು ಸಾವಿರಕ್ಕೂ ಹೆಚ್ಚು ಪುಸ್ತಕ, ತಾಳೆಗರಿ ಅಲ್ಲಿ ಬೂದಿಯಾದವು. 1983ರ ಜುಲೈನಲ್ಲಿ ಮತದಾರರ ಪಟ್ಟಿ ಕೈಯಲ್ಲಿ ಹಿಡಿದು ಕೊಲಂಬೊದ ತಮಿಳರ ಮನೆ ಹುಡುಕುತ್ತ ಹೋದ ಗುಂಪುಗಳಿಗೆ ಆ ಪಟ್ಟಿ ಎಲ್ಲಿಂದ ಸಿಕ್ಕಿತು? ಅದೇ ವಾರ ವೆಲಿಕಡ ಜೈಲಿನೊಳಗೆ, ಸರ್ಕಾರದ ಸುಪರ್ದಿಯಲ್ಲೇ, 53 ತಮಿಳು ಕೈದಿಗಳ ಕೊಲೆಯಾಯಿತು. ಇಂಥ ಪ್ರಭುತ್ವದ ಎದುರು ಜಾಫ್ನಾದ ಹುಡುಗರು ಬಂದೂಕು ಹಿಡಿದರೆ ಅವರಿಗೆ ಬುದ್ಧಿ ಹೇಳಲು ನಾನ್ಯಾರು? ಆ ಬಂದೂಕಿನ ನಳಿಗೆ ಯಾರ ಕಡೆ ತಿರುಗಿತು ಎಂಬುದೇ ನನ್ನ ಸಿಟ್ಟಿಗೆ ಕಾರಣ.

ತಿರುಗಿದ್ದು ತಮಿಳರ ಕಡೆಗೆ. 1975ರಲ್ಲಿ ಗುಡಿಗೆ ಕೈಮುಗಿಯಲು ಬಂದ ಜಾಫ್ನಾದ ಮೇಯರ್ ಆಲ್ಫ್ರೆಡ್ ದುರೈಯಪ್ಪ ಅವರನ್ನು ಪ್ರಭಾಕರನ್ ಗುಂಪು ಗುಂಡಿಟ್ಟು ಕೊಂದಿತು. 1982ರ ಮೇ ತಿಂಗಳಲ್ಲಿ ಮದರಾಸಿನ ಪಾಂಡಿ ಬಜಾರಿನ ನಡುಬೀದಿಯಲ್ಲಿ ಪ್ರಭಾಕರನ್ ಮತ್ತು ಉಮಾ ಮಹೇಶ್ವರನ್ ಪರಸ್ಪರ ಗುಂಡು ಹಾರಿಸಿಕೊಂಡರು. ಈ ಉಮಾ ಒಂದು ಕಾಲಕ್ಕೆ ಹುಲಿ ಸಂಘಟನೆಯ ಕೇಂದ್ರ ಸಮಿತಿಯ ಅಧ್ಯಕ್ಷ. ಹೊರಹಾಕುವಾಗ ಆತನ ಮೇಲೆ ಹೊರಿಸಿದ್ದು ಹೆಣ್ಣಿನ ಸಂಗದ ಆರೋಪ. 1984ರಲ್ಲಿ ತಿರುಪ್ಪೋರೂರಿನಲ್ಲಿ ಪ್ರಭಾಕರನ್ ಮದುವೆ ನಡೆಯಿತು, ಪ್ರೇಮ, ಮದುವೆ ಕೂಡದೆಂಬ ನಿಯಮವೂ ಸಡಿಲಾಯಿತು. ನಾಯಕನ ಮನಸ್ಸು ಬದಲಾದರೆ ಶಿಸ್ತೂ ಬದಲಾಗುತ್ತದೆ, ನೋಡಿ.

1986ರಲ್ಲಿ ಟೆಲೊ ಎಂಬ ಇನ್ನೊಂದು ತಮಿಳು ಸಂಘಟನೆಯ ಸರದಿ. ಶತ್ರು ಒಬ್ಬನೇ, ಬೇಡಿಕೆ ಒಂದೇ. ಆದರೂ ಅದರ ನಾಯಕ ಶ್ರೀ ಸಬಾರತ್ನಂ ಅವರನ್ನೂ ನೂರಕ್ಕೂ ಹೆಚ್ಚು ಹುಡುಗರನ್ನೂ ಹುಲಿಗಳು ಕೆಲವೇ ದಿನಗಳಲ್ಲಿ ಮುಗಿಸಿಬಿಟ್ಟರು. ಕೊನೆಗೆ ಮನೆಯೊಳಗಿನವರಿಗೂ ಬಂತು. ವರ್ಷಗಟ್ಟಲೆ ಎರಡನೇ ಸ್ಥಾನದಲ್ಲಿದ್ದ ಮಹಾತ್ತಯ ಭಾರತದ ಗುಪ್ತಚರರಿಗೆ ಮಾರಿಕೊಂಡ ಎಂದು ಹೇಳಿ 1994ರಲ್ಲಿ ಕೊಂದರು. ಆತನ ಕೈಕೆಳಗಿದ್ದ ಹುಡುಗರನ್ನೂ ಬಿಡಲಿಲ್ಲ. ಬಯಲಿನಲ್ಲಿ ವಿಚಾರಣೆಯಿಲ್ಲ, ಜನರ ಮುಂದೆ ಸಾಕ್ಷಿಯಿಲ್ಲ. ಕೇಂದ್ರ ಸಮಿತಿ ಹೆಸರಿಗಿತ್ತು. ರಾಜಕೀಯ ವಿಭಾಗಕ್ಕೆ ಉಳಿದದ್ದು ಗುಮಾಸ್ತಗಿರಿ. ಪೊಟ್ಟು ಅಮ್ಮಾನ್‌ನ ಬೇಹುಗಾರಿಕೆ, ಸೂಸೈಯ ಕಡಲ ಹುಲಿಗಳು, ಹೇಳಿದಲ್ಲಿ ಹೋಗಿ ಸಿಡಿಯುವ ಕರಿ ಹುಲಿಗಳು, ಎಲ್ಲ ದಾರಿಯೂ ಒಬ್ಬನೇ ಮನುಷ್ಯನ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು.

ಹುಲಿಗಳಿಗೆ ಯುದ್ಧ ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. 2000ದಲ್ಲಿ ಬಾಲರಾಜ್ ಎಂಬ ದಳಪತಿ ಸುಮಾರು ಸಾವಿರದಿನ್ನೂರು ಜನರೊಡನೆ ಕಡಲ ಮೇಲಿಂದ ಕುಡಾರಪ್ಪುವಿನಲ್ಲಿ ಇಳಿದು, ಸೈನ್ಯದ ಬೆನ್ನ ಹಿಂದೆ ಹೆದ್ದಾರಿ ಕಡಿದು, 34 ದಿನ ಅಲ್ಲಾಡದೆ ನಿಂತ. ಭೇದಿಸಲಾಗದೆಂದು ಹೆಸರಾಗಿದ್ದ ಎಲಿಫೆಂಟ್ ಪಾಸ್ ಸೇನಾ ನೆಲೆ ಬಿತ್ತು. ಸಾಮಾನ್ಯ ಸಾಧನೆಯಲ್ಲ. ಆದರೆ ಇಂಥ ದಳಪತಿಗಳಿದ್ದೂ, ಸಾಕು, ಇನ್ನು ಮಾತುಕತೆಗೆ ಕೂರೋಣ ಎಂದು ತಲೈವರ್ ಪ್ರಭಾಕರನ್ ಎದುರು ನಿಂತು ಹೇಳಬಲ್ಲವನು ಒಬ್ಬನೂ ಇರಲಿಲ್ಲ. ಹಾಗೆ ಹೇಳಬಲ್ಲವರು ಯಾರಾದರೂ ಇದ್ದಿದ್ದರೆ ಮಹಾತ್ತಯನಿಗಾದ ಗತಿ ಅವರ ಕಣ್ಣೆದುರೇ ಇತ್ತು.

ಹೇಳಿದ ಒಬ್ಬಳಿದ್ದಳು. ಆಕೆಯ ಕೈಯಲ್ಲಿ ಬಂದೂಕಿರಲಿಲ್ಲ. ರಜನಿ ತಿರಾಣಗಮ, ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ವೈದ್ಯೆ. ಒಂದು ಕಾಲದಲ್ಲಿ ಇದೇ ಇಯಕ್ಕದ, ಅಂದರೆ ಹುಲಿ ಸಂಘಟನೆಯ, ಗಾಯಾಳುಗಳಿಗೆ ಪಟ್ಟಿ ಕಟ್ಟಿದವರು, ಲಂಡನ್ನಿನಲ್ಲಿ ಅದರ ಪರ ಕೆಲಸ ಮಾಡಿದವರು. ಊರಿಗೆ ಮರಳಿ, ಕಣ್ಣಾರೆ ಕಂಡ ಮೇಲೆ ಮೂವರು ಸಹೋದ್ಯೋಗಿಗಳ ಜೊತೆ 'ದಿ ಬ್ರೋಕನ್ ಪಾಮೈರಾ' ಬರೆದರು. ಲಂಕೆಯ ಸೈನ್ಯ ಮಾಡಿದ್ದನ್ನು ಬರೆದರು, ಶಾಂತಿ ಕಾಯಲು ಬಂದ ಭಾರತದ ಸೈನ್ಯ ಮಾಡಿದ್ದನ್ನು ಬರೆದರು, ಹುಲಿಗಳು ಮಾಡಿದ್ದನ್ನೂ ಬರೆದರು. 1989ರ ಸೆಪ್ಟೆಂಬರ್ 21ರಂದು ವಿಶ್ವವಿದ್ಯಾಲಯದಿಂದ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದವರನ್ನು ಮನೆಯ ಹತ್ತಿರವೇ ತಡೆದು ತಲೆಗೆ ಗುಂಡು ಹೊಡೆದರು. ವಯಸ್ಸು 35. ಮನೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಜೊತೆಗಿದ್ದವರು, ಮನೆಯವರು ಬೊಟ್ಟು ಮಾಡಿದ್ದು ಇಯಕ್ಕದ ಕಡೆಗೇ. ಬಂಡಾಯ ಅಂದರೆ ನನಗೆ ಈಕೆ. ಈಕೆಯ ಹೆಸರು ನಮ್ಮ ಎಷ್ಟು ವೇದಿಕೆಗಳಲ್ಲಿ ಕೇಳಿದ್ದೀರಿ?

ಮರುವರ್ಷ, 1990ರ ಅಕ್ಟೋಬರಿನಲ್ಲಿ ಜಾಫ್ನಾದ ಮುಸ್ಲಿಮರಿಗೆ ಊರು ಬಿಡಲು ಹುಲಿಗಳು ಎರಡು ಗಂಟೆ ಕೊಟ್ಟರು. ಉತ್ತರ ಪ್ರಾಂತ್ಯದಿಂದ ಹೀಗೆ ಹೊರಬಿದ್ದವರು 70 ಸಾವಿರಕ್ಕೂ ಹೆಚ್ಚು. ತಮಿಳೇ ಮಾತಾಡುವವರು. ಸಿಂಹಳ ಗುಂಪು ಕೊಲಂಬೊದಲ್ಲಿ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವಿದೆ ಅನ್ನುವವರು ಅದನ್ನು ಆ ಮುಸ್ಲಿಂ ಹೆಂಗಸರಿಗೆ ಹೋಗಿ ವಿವರಿಸಿ ಬನ್ನಿ.

ಆಮೇಲೆ ಆ ಕುಪ್ಪಿ. ದಾರಕ್ಕೆ ಪೋಣಿಸಿದ ಗಾಜಿನ ಪುಟ್ಟ ಕೊಳವೆ, ಒಳಗೆ ಸಯನೈಡ್. ಕಚ್ಚಿದರೆ ಗಾಜು ಒಡೆದು ಬಾಯೊಳಗೆ ಗಾಯವಾಗಿ ವಿಷ ನೇರ ರಕ್ತಕ್ಕೆ ಸೇರುತ್ತದೆ. ತರಬೇತಿ ಮುಗಿದ ಹುಡುಗ ಹುಡುಗಿಯರ ಕೊರಳಿಗೆ ಇದು ಬೀಳುತ್ತಿತ್ತು. ಅದನ್ನು ಕನ್ನಡ ನಾಡೂ ಕಂಡಿದೆ. ರಾಜೀವ್ ಗಾಂಧಿ ಕೊಲೆಯಾದ ಮೂರು ತಿಂಗಳಿಗೆ, 1991ರ ಆಗಸ್ಟ್ 20ರ ಬೆಳಿಗ್ಗೆ, ಬೆಂಗಳೂರಿನ ಕೋಣನಕುಂಟೆಯ ಬಾಡಿಗೆ ಮನೆಗೆ ಕಮಾಂಡೊಗಳು ನುಗ್ಗಿದಾಗ ಸಿಕ್ಕಿದ್ದು ಏಳು ಹೆಣ. ಕೊಲೆಗಾರರ ತಂಡದ ನಾಯಕ ಶಿವರಾಸನ್ ಗುಂಡು ಹೊಡೆದುಕೊಂಡಿದ್ದ, ಉಳಿದವರು ಕುಪ್ಪಿ ಕಚ್ಚಿದ್ದರು. ಆ ಕೊಲೆಯ ಆರೋಪಪಟ್ಟಿಯ ತುದಿಯಲ್ಲಿದ್ದ ಪ್ರಭಾಕರನ್, ಪೊಟ್ಟು ಅಮ್ಮಾನ್ ಸಮುದ್ರದಾಚೆ ಆರಾಮಾಗಿದ್ದರು. ಆ ಕೊಲೆಯಿಂದ ಯಾವ ತಮಿಳನ ಹೊಲಕ್ಕೆ ನೀರು ಹರಿಯಿತು? ಅಲ್ಲಿಯವರೆಗೆ ತಮಿಳುನಾಡಿನಲ್ಲಿ ಈಳ ಎಂಬ ಪ್ರತ್ಯೇಕ ತಮಿಳು ರಾಜ್ಯದ ಬೇಡಿಕೆಯ ಪರ ಇದ್ದ ಸದ್ಭಾವನೆಯೂ ಆ ಕೊಲೆಯೊಡನೆ ಹೋಯಿತು.

ಮಕ್ಕಳ ವಿಷಯಕ್ಕೆ ಬಂದರೆ ನನ್ನ ಕೈ ನಡುಗುತ್ತದೆ. ಸರ್ಕಾರದ ಜೊತೆಗಿನ ಕದನವಿರಾಮ ಜಾರಿಯಲ್ಲಿದ್ದ ವರ್ಷಗಳಲ್ಲೇ ಯುನಿಸೆಫ್ ಸಾವಿರಾರು ಮಕ್ಕಳ ಸೇರ್ಪಡೆಯನ್ನು ದಾಖಲಿಸಿತು. ಶಾಲೆಗೆ ಹೋಗುವ ದಾರಿಯಲ್ಲಿ, ಗುಡಿಯ ಜಾತ್ರೆಯಲ್ಲಿ ಹಿಡಿದೊಯ್ದರು. ಮನೆಗೊಬ್ಬರು ಎಂಬುದೇ ಕಾನೂನಾಯಿತು, ಕೊನೆಗೆ ಆ ಲೆಕ್ಕವೂ ಉಳಿಯಲಿಲ್ಲ. ಮದುವೆಯಾದವರನ್ನು ಬಿಡುತ್ತಾರೆಂದು ತಂದೆತಾಯಿ ಇನ್ನೂ ಬೆಳೆಯದ ಮಕ್ಕಳಿಗೆ ತಾಳಿ ಕಟ್ಟಿಸಿದರು. 2004ರಲ್ಲಿ ಪೂರ್ವ ಭಾಗದ ದಳಪತಿ ಕರುಣಾ, ಸಾಯುವುದಕ್ಕೆ ನಮ್ಮ ಮಟ್ಟಕಳಪ್ಪಿನ ಮಕ್ಕಳು, ಪದವಿಗೆ ಉತ್ತರದವರು ಎಂದು ಸಿಡಿದು ಹೊರಬಂದ. ಮಾತು ಸುಳ್ಳಲ್ಲ. ಆದರೆ ಆ ಮಕ್ಕಳನ್ನು ಮನೆಯಿಂದ ಎಳೆತಂದವನೂ ಅವನೇ. ಇಯಕ್ಕದ ದಾಳಿಗೆ ಸೋತು ತನ್ನ ಪಡೆ ಚದುರಿಸಿದಾಗ ಮಕ್ಕಳು ಮನೆಗೆ ಓಡಿದರು. ಇಯಕ್ಕ ಅವರನ್ನು ಹುಡುಕಿಕೊಂಡು ಮತ್ತೆ ಮನೆ ಬಾಗಿಲಿಗೆ ಬಂತು. ಕರುಣಾ ಮುಂದೆ ಲಂಕೆಯ ಅಧ್ಯಕ್ಷ ಮಹಿಂದ ರಾಜಪಕ್ಸನ ಸರ್ಕಾರದಲ್ಲಿ ಸಚಿವನಾದ.

ಆ ರಾಜಪಕ್ಸನನ್ನು ಗೆಲ್ಲಿಸಿದವರಾದರೂ ಯಾರು? 2005ರ ಅಧ್ಯಕ್ಷ ಚುನಾವಣೆಯಲ್ಲಿ ಉತ್ತರದ ತಮಿಳರು ಮತ ಹಾಕದಂತೆ ಹುಲಿಗಳು ತಡೆದರು. ಮಹಿಂದ ಗೆದ್ದ ಅಂತರ ಸುಮಾರು 1 ಲಕ್ಷ 80 ಸಾವಿರ ಮತ. ಜನರ ಕೈಯಿಂದ ಮತಪತ್ರ ಕಸಿದು, ಜನರ ಮೇಲೆ ಬಾಂಬು ಹಾಕುವವನನ್ನು ಕುರ್ಚಿಯ ಮೇಲೆ ಕೂರಿಸಿದರು.

2009ರಲ್ಲಿ, ಯುದ್ಧದ ಕೊನೆಯ ಘಟ್ಟದಲ್ಲಿ, ಉತ್ತರದ ವನ್ನಿ ಪ್ರದೇಶದ ಲಕ್ಷಾಂತರ ಜನ ಮುಳ್ಳಿವಾಯ್ಕಾಲಿನ ಮರಳಪಟ್ಟಿಗೆ ಬಂದು ಬಿದ್ದರು. 'ಗುಂಡಿನ ದಾಳಿ ಇಲ್ಲದ ವಲಯ' ಎಂದು ತಾನೇ ಸಾರಿದ ಜಾಗಕ್ಕೆ ಸೈನ್ಯ ಶೆಲ್ ಸುರಿಯಿತು, ಆಸ್ಪತ್ರೆಗಳನ್ನೂ ಬಿಡಲಿಲ್ಲ. ನೀರು ದಾಟಿ ತಪ್ಪಿಸಿಕೊಳ್ಳಲು ಹೊರಟವರಿಗೆ ಹಿಂದಿನಿಂದ ಗುಂಡು ಹೊಡೆದದ್ದು ಹುಲಿಗಳು. ಸತ್ತ ನಾಗರಿಕರು 40 ಸಾವಿರದವರೆಗೂ ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. ಸೈನ್ಯ ಕೊಂದಿತು, ನಿಜ. ಕೊಲ್ಲಿಸಿಕೊಳ್ಳಲು ಜನರನ್ನು ಕೂಡಿಹಾಕಿದ ದಂಡನಾಯಕರನ್ನು ಏನೆಂದು ಕರೆಯೋಣ? ಪ್ರಭಾಕರನ್ ಹೇಡಿ ಅನ್ನಲಾರೆ. ಹಿರಿಯ ಮಗ ಹೋರಾಡಿ ಸತ್ತ. ಹನ್ನೆರಡರ ಕಿರಿಯವನು ಬಾಲಚಂದ್ರನ್ ಮರಳ ಚೀಲಗಳ ನಡುವೆ ಏನನ್ನೋ ತಿನ್ನುತ್ತ ಕೂತ ಚಿತ್ರವೂ, ಎದೆಗೆ ಗುಂಡು ಬಿದ್ದು ಮಲಗಿದ ಚಿತ್ರವೂ ಆಮೇಲೆ ಹೊರಬಂದವು. ಅದು ಕೊಲೆ, ಅದಕ್ಕೆ ಕ್ಷಮೆಯಿಲ್ಲ. ಆದರೆ ಅದೇ ವಯಸ್ಸಿನ ವನ್ನಿಯ ಕೂಲಿಕಾರರ ಮಕ್ಕಳ ಚಿತ್ರ ತೆಗೆಯುವವರೂ ಇರಲಿಲ್ಲ.

2017ರ ಫೆಬ್ರವರಿಯಲ್ಲಿ ಕಿಳಿನೊಚ್ಚಿಯ ರಸ್ತೆ ಬದಿಯಲ್ಲಿ ಕಾಣೆಯಾದವರ ತಾಯಂದಿರು ಧರಣಿ ಕೂತರು. ಸೈನ್ಯಕ್ಕೆ ಶರಣಾದ ನಮ್ಮ ಮಕ್ಕಳೆಲ್ಲಿ ಎಂದು ಕೇಳುತ್ತಾ ವರ್ಷಗಟ್ಟಲೆ ಕೂತರು. ಉತ್ತರ ಸಿಗದೆ ಎಷ್ಟೋ ತಾಯಂದಿರು ತೀರಿಕೊಂಡರು. ಕೊಲಂಬೊ ಸರ್ಕಾರ ಅವರಿಗೆ ಉತ್ತರ ಕೊಡಲೇಬೇಕು. ಆ ಮಕ್ಕಳಲ್ಲಿ ಕೆಲವರನ್ನು ಮನೆಯಿಂದ ಎಳೆದೊಯ್ದ ದಂಡನಾಯಕರ ಪಟಕ್ಕೆ ಹಾರ ಹಾಕುವವರೂ ಉತ್ತರ ಕೊಡಬೇಕು. ಗೆಳೆಯರೆ, ಪಟ ಇಳಿಸಿ. ರಜನಿ ಬರೆದದ್ದನ್ನು ಕೈಗೆತ್ತಿಕೊಳ್ಳಿ, ಕನ್ನಡಕ್ಕೆ ತನ್ನಿ.